ಕೋಣೆಯ ಬಾಡಿಗೆ ಬೇರೆ, ಆರೈಕೆಯ ಖರ್ಚು ಬೇರೆ

ಅಸಿಸ್ಟೆಡ್ ಲಿವಿಂಗ್, ಅಂದರೆ ನೆರವಿನ ವಸತಿಗೆ ಸರ್ಕಾರದ ಹಣ ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಹೆಚ್ಚಿಸುವುದಾದರೆ ಹೇಗೆ ಹೆಚ್ಚಿಸಬೇಕು ಎಂದು ಕೇಳಿ ಬಂದ ಪತ್ರಗಳಿಗೆ ಈ ಬಾರಿಯ ಉತ್ತರಗಳು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ವೃದ್ಧಾಶ್ರಮ, ನರ್ಸಿಂಗ್ ಹೋಮ್, ಅಸಿಸ್ಟೆಡ್ ಲಿವಿಂಗ್ ಎಲ್ಲವೂ ಒಂದೇ ಅಲ್ಲವೇ? ಹೆಸರು ಬದಲಾದ ಮಾತ್ರಕ್ಕೆ ಸರ್ಕಾರದ ಹಣ ಏಕೆ ಬದಲಾಗುತ್ತದೆ?

ಉತ್ತರ: ಒಂದೇ ಅಲ್ಲ. ಕನ್ನಡದ ಮಾತಿನಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕ, ಯುರೋಪಿನ ಬರಹಗಳಲ್ಲಿ ಅದೇ ಪದಕ್ಕೆ, ದಿನವಿಡೀ ಶುಶ್ರೂಷೆ ಬೇಕಾದವರು ವರ್ಷಗಟ್ಟಲೆ ಉಳಿಯುವ ವಸತಿ ಎಂಬ ಅರ್ಥ. ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ವೃದ್ಧಾಶ್ರಮದಲ್ಲಿ ಸೂರು, ಊಟ, ಹಾಸಿಗೆ ಮುಖ್ಯ. ಅಸಿಸ್ಟೆಡ್ ಲಿವಿಂಗ್ ಇವೆರಡರ ನಡುವಿನದು: ತನ್ನದೇ ಕೋಣೆ, ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ, ಜೊತೆಗೆ ಸ್ನಾನ, ಉಡುಪು, ಮಾತ್ರೆ, ಓಡಾಟಕ್ಕೆ ಬೇಕಾದಷ್ಟೇ ಕೈನೆರವು.

ಹಣದ ವಿಷಯಕ್ಕೆ ಅಮೆರಿಕದ ಉದಾಹರಣೆ ಸ್ಪಷ್ಟವಾಗಿದೆ. 1965ರಲ್ಲಿ ಬಂದ, ಕಡಿಮೆ ವರಮಾನದವರ ಆರೋಗ್ಯದ ಖರ್ಚು ಕೊಡುವ ಮೆಡಿಕೇಡ್ ಯೋಜನೆಯಲ್ಲಿ ನರ್ಸಿಂಗ್ ಹೋಮ್ ಖರ್ಚು ಕೊಡುವುದು ರಾಜ್ಯಗಳಿಗೆ ಕಡ್ಡಾಯ. ಮನೆಯಲ್ಲೋ ಸಮುದಾಯದ ವಸತಿಯಲ್ಲೋ ಕೊಡುವ ಆರೈಕೆ ಬಹುಮಟ್ಟಿಗೆ ರಾಜ್ಯಗಳ ಇಚ್ಛೆಗೆ ಬಿಟ್ಟದ್ದು. 1981ರಲ್ಲಿ ‘ವೇವರ್’ ಎಂಬ ವಿನಾಯಿತಿಯ ದಾರಿ ತೆರೆದ ಮೇಲೆಯೇ ಅದಕ್ಕೆ ದೊಡ್ಡ ಪ್ರಮಾಣದಲ್ಲಿ ಹಣ ಬಂತು. ಈ ದಾರಿ ಹಿಡಿದು ಅಸಿಸ್ಟೆಡ್ ಲಿವಿಂಗ್‌ಗೆ ಹಣ ಹರಿಸಿದವರಲ್ಲಿ ಆರೆಗನ್ ರಾಜ್ಯ ಮುಂದಿತ್ತು. ಆದರೆ ವೇವರ್‌ನಲ್ಲಿ ರಾಜ್ಯವು ಇಂತಿಷ್ಟೇ ಜನ ಎಂದು ಮಿತಿ ಹಾಕಬಹುದು, ನರ್ಸಿಂಗ್ ಹೋಮ್‌ನಲ್ಲಿ ಹಾಕುವಂತಿಲ್ಲ. ಹಾಗಾಗಿ ಒಂದು ಕಡೆ ಹಕ್ಕು, ಇನ್ನೊಂದು ಕಡೆ ಸರದಿ. ಅಂಗವಿಕಲರನ್ನು ಅಗತ್ಯವಿಲ್ಲದೆ ಸಂಸ್ಥೆಯೊಳಗೆ ಇಡುವುದು ತಾರತಮ್ಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1999ರ ಓಲ್ಮ್‌ಸ್ಟೆಡ್ ತೀರ್ಪಿನಲ್ಲಿ ಹೇಳಿದ ಮೇಲೂ ಸರದಿ ಪೂರ್ತಿ ಕರಗಿಲ್ಲ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಕ್ಕನಿಗೆ ಅಸಿಸ್ಟೆಡ್ ಲಿವಿಂಗ್‌ನಲ್ಲಿ ಆರೈಕೆಯ ಹಣ ಮಂಜೂರಾಗಿದೆ. ಆದರೆ ಪ್ರತಿ ತಿಂಗಳೂ ದೊಡ್ಡ ಬಿಲ್ಲು ಬರುತ್ತಲೇ ಇದೆ. ಮೋಸವೇ?

ಉತ್ತರ: ಮೋಸ ಇರಲಾರದು. ವೇವರ್‌ನಡಿ ಮೆಡಿಕೇಡ್ ಸ್ನಾನ ಮಾಡಿಸುವ, ಮಾತ್ರೆ ನೆನಪಿಸುವ, ರಾತ್ರಿ ನಿಗಾ ಇಡುವ ಖರ್ಚನ್ನು ಕೊಡುತ್ತದೆ. ಬಾಡಿಗೆ ಮತ್ತು ಊಟದ ಖರ್ಚನ್ನು ಕೊಡಲು ಕಾನೂನೇ ಬಿಡುವುದಿಲ್ಲ. ನರ್ಸಿಂಗ್ ಹೋಮ್‌ನಲ್ಲಿ ಮಾತ್ರ ಕೋಣೆ, ಊಟ, ಶುಶ್ರೂಷೆ ಮೂರೂ ಒಂದೇ ಬಿಲ್ಲಿನಲ್ಲಿ ಸೇರಿರುತ್ತವೆ. ಮುಖ್ಯವಾಗಿ ಹಿರಿಯರಿಗೆಂದು ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಅಂತೂ ಅಸಿಸ್ಟೆಡ್ ಲಿವಿಂಗ್‌ನ ತಿಂಗಳ ಖರ್ಚಿಗೆ ಏನೂ ಕೊಡುವುದಿಲ್ಲ. ಈ ಎರಡು ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳುವವರು ಬಹಳ.

ನಿಮ್ಮ ಅಕ್ಕನವರು ಬಿಲ್ಲನ್ನು ಎರಡು ಭಾಗ ಮಾಡಿಸಿಕೊಳ್ಳಲಿ: ಕೋಣೆ-ಊಟ ಒಂದು ಸಾಲು, ಆರೈಕೆ ಇನ್ನೊಂದು ಸಾಲು. ಆರೈಕೆಯ ಸಾಲಿನಲ್ಲಿ ಅವರ ಪಾಲು ಎಂದು ರಾಜ್ಯ ಲೆಕ್ಕ ಹಾಕಿ ತಿಳಿಸಿದ್ದಕ್ಕಿಂತ ಹೆಚ್ಚು ಬಂದಿದ್ದರೆ ಪ್ರಶ್ನಿಸಬೇಕು. ಕೋಣೆಯ ಸಾಲಿಗೆ ಮೂರು ವಿಚಾರಣೆ ಮಾಡಲಿ. ಮೆಡಿಕೇಡ್ ನಿವಾಸಿಗಳಿಂದ ಪಡೆಯುವ ಬಾಡಿಗೆಗೆ ಆ ರಾಜ್ಯ ಮಿತಿ ಹಾಕಿದೆಯೇ? ಎಸ್‌ಎಸ್‌ಐ ಎಂಬ ಕೇಂದ್ರದ ಮಾಸಾಶನದ ಮೇಲೆ ರಾಜ್ಯ ಪೂರಕ ಹಣ ಸೇರಿಸುತ್ತದೆಯೇ? ನಿವಾಸಿಯ ಕೈಖರ್ಚಿಗೆ ಎಂದು ಬಿಡಬೇಕಾದ ಮೊತ್ತ ಎಷ್ಟು? ಮೂರಕ್ಕೂ ಉತ್ತರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅಸಿಸ್ಟೆಡ್ ಲಿವಿಂಗ್‌ಗೆ ಪರವಾನಗಿ ಕೊಡುವುದೂ ಅಲ್ಲಿ ಆಯಾ ರಾಜ್ಯವೇ.

ಈ ಬೇರ್ಪಡಿಕೆ ಅಮೆರಿಕಕ್ಕಷ್ಟೇ ಸೀಮಿತವಲ್ಲ. ಸ್ಕಾಟ್ಲೆಂಡ್ 2002ರ ಜುಲೈನಿಂದ 65 ದಾಟಿದವರಿಗೆ ದೈಹಿಕ ಆರೈಕೆಯನ್ನು ಉಚಿತ ಮಾಡಿತು, 2019ರಲ್ಲಿ ಕಿರಿಯ ವಯಸ್ಸಿನವರಿಗೂ ವಿಸ್ತರಿಸಿತು. ಕೇರ್ ಹೋಮ್‌ನ ವಸತಿ ವೆಚ್ಚ ಆ ಉಚಿತದಲ್ಲಿ ಸೇರಿಲ್ಲ. ಜಪಾನ್ 2005ರ ಅಕ್ಟೋಬರ್‌ನಿಂದ ವಸತಿಗಳಲ್ಲಿ ಕೋಣೆ ಮತ್ತು ಊಟದ ವೆಚ್ಚವನ್ನು ನಿವಾಸಿಗಳಿಗೇ ಬಿಟ್ಟಿತು, ಕಡಿಮೆ ವರಮಾನದವರಿಗೆ ರಿಯಾಯಿತಿ ಇಟ್ಟು. ಇದರಲ್ಲಿ ತರ್ಕವಿದೆ: ಮನೆಯಲ್ಲಿದ್ದರೂ ಬಾಡಿಗೆ, ಊಟ ತಪ್ಪಿದ್ದಲ್ಲ, ಕಾಯಿಲೆ, ಮುಪ್ಪು ಹೆಚ್ಚಾಗಿ ತರುವುದು ಆರೈಕೆಯ ಹೊರೆಯನ್ನು. ಆದರೆ ಕೋಣೆಯ ಹಣ ಹೊಂದಿಸಲಾಗದ ಬಡವರಿಗೆ ಆರೈಕೆಯ ಮಂಜೂರಾತಿ ಕಾಗದ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಅಮೆರಿಕದಲ್ಲಾದರೆ ಅವರು ಕೊನೆಗೆ ಹೆಚ್ಚು ದುಬಾರಿಯಾದ ನರ್ಸಿಂಗ್ ಹೋಮ್ ಸೇರುತ್ತಾರೆ, ಅಲ್ಲಿ ಕೋಣೆ-ಊಟದ ಖರ್ಚೂ ಮೆಡಿಕೇಡ್ ಲೆಕ್ಕಕ್ಕೇ ಸೇರುತ್ತದೆ. ಉಳಿತಾಯವೆಂದು ಮಾಡಿದ್ದು ನಷ್ಟಕ್ಕೆ ತಿರುಗುವುದು ಹೀಗೆ.

ಪ್ರಶ್ನೆ: ಎಷ್ಟು ನೆರವು ಬೇಕೆಂದು ಅಳೆಯುವುದು ಹೇಗೆ? ಅಧಿಕಾರಿ ಬಂದು ಅರ್ಧ ಗಂಟೆ ಮಾತಾಡಿಸಿ ಹೋದರೆ ಸತ್ಯ ತಿಳಿಯುತ್ತದೆಯೇ?

ಉತ್ತರ: ನಮ್ಮ ಅನುಭವದಲ್ಲಿ ಹಣ ತಪ್ಪುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಬಹುತೇಕ ಯೋಜನೆಗಳ ಬುನಾದಿ ದಿನನಿತ್ಯದ ಆರು ಕೆಲಸಗಳು: ಸ್ನಾನ, ಉಡುಪು ಧರಿಸುವುದು, ಶೌಚ, ಹಾಸಿಗೆಯಿಂದ ಕುರ್ಚಿಗೆ ಸರಿಯುವುದು, ಮಲಮೂತ್ರದ ಹಿಡಿತ ಅಥವಾ ನಡಿಗೆ, ಊಟ. ಸಿಂಗಪುರದ ಕೇರ್‌ಶೀಲ್ಡ್ ಲೈಫ್ ಯೋಜನೆಯಲ್ಲಿ ಆರರಲ್ಲಿ ಮೂರನ್ನು ಸ್ವಂತವಾಗಿ ಮಾಡಲಾಗದಿದ್ದರೆ ಮಾಸಿಕ ಹಣ ಆರಂಭ. ಸರಳ, ಆದರೆ ಒರಟು ಅಳತೆ. ಕೈಕಾಲು ಗಟ್ಟಿಯಿದ್ದು ಮರೆವಿನ ಕಾಯಿಲೆ ಇರುವವರು ಆರೂ ಕೆಲಸ ‘ಮಾಡಬಲ್ಲರು’, ಆದರೆ ಯಾರಾದರೂ ಹೇಳದಿದ್ದರೆ ಮಾಡುವುದಿಲ್ಲ.

ಈ ತೊಡಕನ್ನು ಜರ್ಮನಿ 2017ರಲ್ಲಿ ಸರಿಪಡಿಸಲು ಹೊರಟಿತು. ಅದಕ್ಕೆ ಮುಂಚೆ ದೈಹಿಕ ಆರೈಕೆಗೆ ಎಷ್ಟು ನಿಮಿಷ ಬೇಕೆಂದು ಎಣಿಸಿ ಮೂರು ಹಂತ ಮಾಡುತ್ತಿದ್ದರು. ಈಗ ಐದು ದರ್ಜೆ. ಅಂಕಗಳ ತೂಕ ಹೀಗಿದೆ: ಓಡಾಟಕ್ಕೆ 10, ಬುದ್ಧಿ-ಸಂವಹನ ಮತ್ತು ನಡವಳಿಕೆ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ 15, ಸ್ವಂತ ಶುಚಿ-ಊಟ-ಶೌಚಕ್ಕೆ 40, ಔಷಧ ಮತ್ತು ಚಿಕಿತ್ಸೆ ನಿಭಾಯಿಸುವುದಕ್ಕೆ 20, ದಿನಚರಿ ಮತ್ತು ಜನಸಂಪರ್ಕಕ್ಕೆ 15. ನೂರರಲ್ಲಿ 12.5 ಅಂಕ ದಾಟಿದರೆ ಮೊದಲ ದರ್ಜೆ, ಆಮೇಲಿನ ಮೆಟ್ಟಿಲುಗಳು 27, 47.5, 70, 90. ಜಪಾನಿನಲ್ಲಿ 74 ಪ್ರಶ್ನೆಗಳ ಪಟ್ಟಿ. ಉತ್ತರಗಳಿಂದ ಕಂಪ್ಯೂಟರ್ ಮೊದಲ ತೀರ್ಮಾನ ಕೊಡುತ್ತದೆ, ಬಳಿಕ ವೈದ್ಯರ ಅಭಿಪ್ರಾಯವನ್ನೂ ನೋಡಿ ತಜ್ಞರ ಸಮಿತಿ ಏಳು ದರ್ಜೆಗಳಲ್ಲಿ ಒಂದನ್ನು ನಿಗದಿ ಮಾಡುತ್ತದೆ. ಫಲಿತಾಂಶ ಸಾಮಾನ್ಯವಾಗಿ 30 ದಿನದೊಳಗೆ ಬರಬೇಕು.

ಅಳತೆಗೋಲು ಎಷ್ಟೇ ಒಳ್ಳೆಯದಿರಲಿ, ಎದುರಿಗಿರುವ ಹಿರಿಯರು ಅದನ್ನು ಸುಲಭವಾಗಿ ಸೋಲಿಸುತ್ತಾರೆ. ಅಧಿಕಾರಿ ಬರುತ್ತಾರೆಂದರೆ ತಲೆ ಬಾಚಿ, ಮಡಿಸಿದ ಬಟ್ಟೆ ಉಟ್ಟು, ‘ಎಲ್ಲ ನಾನೇ ಮಾಡಿಕೊಳ್ತೀನಿ’ ಎನ್ನುತ್ತಾರೆ. ಅದು ಸ್ವಾಭಿಮಾನದ ಮಾತು, ಸುಳ್ಳೆನ್ನಲಾಗದು. ಆದರೆ ಅರ್ಜಿಯಲ್ಲಿ ಅದೇ ಬರೆದುಕೊಳ್ಳಲಾಗುತ್ತದೆ.

ಹೀಗಾಗಿ ಭೇಟಿಗೆ ಮುಂಚಿನ 14 ದಿನ ಒಂದು ನೋಟ್‌ಬುಕ್ ಇಡಿ. ಪ್ರತಿ ಸಾಲಿನಲ್ಲಿ ಹೊತ್ತು, ಕೆಲಸ, ಎಷ್ಟು ಜನರ ಕೈ ಬೇಕಾಯಿತು, ಎಷ್ಟು ನಿಮಿಷ. ನೆರವನ್ನು ಮೂರು ಬಗೆಯಾಗಿ ಗುರುತಿಸಿ: ಬಾಯಲ್ಲಿ ಹೇಳಿದ್ದು, ಕೈ ಕೊಟ್ಟದ್ದು, ಪೂರ್ತಿ ಮಾಡಿಸಿದ್ದು. ರಾತ್ರಿ ಎದ್ದದ್ದನ್ನು ಬಿಡಬೇಡಿ. ಹೆಚ್ಚಿನವರು ಹಗಲನ್ನಷ್ಟೇ ಬರೆಯುತ್ತಾರೆ. ಬಿದ್ದ ದಿನಾಂಕಗಳು, ಈಗಿನ ಮಾತ್ರೆಗಳ ಪಟ್ಟಿ, ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಜೊತೆಗಿರಲಿ. ಮರೆವಿನವರಿಗೆ ಸಂಜೆ ಹೊತ್ತು ಕಠಿಣವಾದರೆ ಬೆಳಗಿನ ಭೇಟಿ ಒಪ್ಪಿಕೊಳ್ಳಬೇಡಿ, ಒಪ್ಪಲೇಬೇಕಾದರೆ ಸಂಜೆಯ ಟಿಪ್ಪಣಿಯನ್ನು ಮೊದಲೇ ಕೈಗೆ ಕೊಡಿ. ನಿತ್ಯ ನೋಡಿಕೊಳ್ಳುವವರು ಭೇಟಿಯಲ್ಲಿ ಹಾಜರಿರಲೇಬೇಕು; ಅಮ್ಮನೆದುರು ಹೇಳಲಾಗದ್ದನ್ನು ಬಾಗಿಲಾಚೆ ಹೇಳಿ. ದರ್ಜೆ ಕಡಿಮೆ ಬಂದರೆ ಮೊದಲು ವರದಿಯ ಪ್ರತಿ ಕೇಳಿ, ಯಾವ ಅಂಕ ಎಲ್ಲಿ ತಪ್ಪಿದೆ ಎಂದು ನೋಟ್‌ಬುಕ್ಕಿನ ಸಾಲು ತೋರಿಸಿ ಮೇಲ್ಮನವಿ ಹಾಕಿ. ‘ನಮಗೆ ತುಂಬ ಕಷ್ಟ’ ಎಂದಷ್ಟೇ ಬರೆದ ಮೇಲ್ಮನವಿ ನಿಲ್ಲುವುದಿಲ್ಲ. ಗಡುವು ಚಿಕ್ಕದು, ಜರ್ಮನಿಯಲ್ಲಿ ಒಂದು ತಿಂಗಳು.

ಪ್ರಶ್ನೆ: 20 ಜನರ ಸಣ್ಣ ನೆರವಿನ ವಸತಿ ನಡೆಸುವ ಯೋಚನೆ ಇದೆ. ಸರ್ಕಾರ ತಲೆಗಿಷ್ಟು ಎಂದು ಕೊಟ್ಟರೆ ನಡೆಯುತ್ತದೆಯೇ? ಲೆಕ್ಕ ಹೇಗೆ ಹಾಕುವುದು?

ಉತ್ತರ: ಸಂಬಳದಿಂದ ಆರಂಭಿಸಿ, ಕಟ್ಟಡದಿಂದಲ್ಲ. ಬೆಳಗಿನ ಪಾಳಿಗೆ 3, ಮಧ್ಯಾಹ್ನಕ್ಕೆ 3, ರಾತ್ರಿಗೆ 2 ಆರೈಕೆದಾರರು ಎಂದುಕೊಳ್ಳಿ. ದಿನಕ್ಕೆ ಎಂಟು ಗಂಟೆಯ 8 ಪಾಳಿ, ಅಂದರೆ 64 ಗಂಟೆ. ಒಬ್ಬ ನಿವಾಸಿಗೆ ದಿನಕ್ಕೆ 3.2 ಗಂಟೆ. ‘8 ಪಾಳಿ, ಆದ್ದರಿಂದ 8 ಜನ’ ಎಂದು ಯೋಜನಾ ವರದಿಯಲ್ಲಿ ಬರೆಯುವುದು ಮೊದಲ ತಪ್ಪು. ವರ್ಷಕ್ಕೆ 64 × 365 = 23,360 ಗಂಟೆ ತುಂಬಬೇಕು. ವಾರಕ್ಕೆ 48 ಗಂಟೆ ದುಡಿಯುವ ಒಬ್ಬರು ಕಾಗದದ ಮೇಲೆ 2,496 ಗಂಟೆ ಕೊಡುತ್ತಾರೆ. ರಜೆ, ಹಬ್ಬ, ಜ್ವರ, ತರಬೇತಿ ಕಳೆದರೆ ಸುಮಾರು 2,250. ಭಾಗಿಸಿದರೆ 10.4, ಅಂದರೆ 11 ಜನ. ವಾರಕ್ಕೆ 40 ಗಂಟೆ ಎಂಬ ನಿಯಮವಿದ್ದರೆ 13. ಎಂಟು ಜನರ ಲೆಕ್ಕದಲ್ಲಿ ನಿಂತ ಸಂಸ್ಥೆ ಎರಡು ಪಾಳಿ ಒಬ್ಬರಿಂದಲೇ ಮಾಡಿಸುತ್ತದೆ, ಆರು ತಿಂಗಳಲ್ಲಿ ಅವರು ಬಿಟ್ಟು ಹೋಗುತ್ತಾರೆ. ಹೊಸಬರಿಗೆ ಯಾರ ಮಾತ್ರೆ ಯಾವುದು ಎಂದು ತಿಳಿದಿರುವುದಿಲ್ಲ. ಮಾತ್ರೆಯ ತಪ್ಪುಗಳ ಮೂಲ ಹುಡುಕುತ್ತ ಹೋದರೆ ಎಷ್ಟೋ ಸಲ ಈ ಪಾಳಿ ಪಟ್ಟಿಯೇ ಸಿಗುತ್ತದೆ.

ಎರಡನೆಯದು ಖಾಲಿ ಹಾಸಿಗೆ. ಇಪ್ಪತ್ತೂ ತುಂಬಿರುತ್ತವೆ ಎಂದು ದರ ಕಟ್ಟಬೇಡಿ. ಸರಾಸರಿ 18 ಇದ್ದರೆ ಸ್ಥಿರ ಖರ್ಚಿನಲ್ಲಿ ಪ್ರತಿ ತಲೆಯ ಪಾಲು ಶೇ 11 ಏರುತ್ತದೆ. ರಾತ್ರಿಯ ಇಬ್ಬರು ಹದಿನೆಂಟಕ್ಕೂ ಬೇಕು, ಇಪ್ಪತ್ತಕ್ಕೂ ಬೇಕು.

ಮೂರನೆಯದು ಸಮಾನ ದರ. ಎಲ್ಲರಿಗೂ ಒಂದೇ ಮೊತ್ತ ಬಂದರೆ ಸಂಸ್ಥೆಗಳು ತಾವೇ ನಡೆದಾಡುವವರನ್ನು ಆಯ್ದುಕೊಂಡು, ಇಬ್ಬರ ಕೈ ಬೇಕಾದವರಿಗೆ ‘ಜಾಗ ಇಲ್ಲ’ ಎನ್ನುತ್ತವೆ. ದರ್ಜೆಗೆ ತಕ್ಕ ದರ ಇದ್ದರೆ ಈ ಆಯ್ಕೆ ತಗ್ಗುತ್ತದೆ. ಬದಲಿಗೆ ದರ್ಜೆಯನ್ನು ಉಬ್ಬಿಸಿ ತೋರಿಸುವ ಚಾಳಿ ಬರುತ್ತದೆ, ಅದಕ್ಕೆ ಮದ್ದೆಂದರೆ ಅಳೆಯುವವರು ವಸತಿಯವರಾಗಿರಬಾರದು.

ಪ್ರಶ್ನೆ: ನಮ್ಮ ಹಿರಿಯ ನಾಗರಿಕರ ವೇದಿಕೆ ಮನವಿ ಪತ್ರ ಸಿದ್ಧಪಡಿಸುತ್ತಿದೆ. ‘ಅನುದಾನ ಹೆಚ್ಚಿಸಬೇಕು’ ಎಂದು ಬರೆದರೆ ಸಾಲದೇ?

ಉತ್ತರ: ಸಾಲದು. ಒಮ್ಮೆ ಹೆಚ್ಚಿಸಿ ಕೈತೊಳೆದುಕೊಳ್ಳಲು ಅದು ಅನುಕೂಲದ ವಾಕ್ಯ. ದರವು ಕೂಲಿಯ ಜೊತೆ ತಾನೇ ಏರಬೇಕೆಂದು ಬರೆಯಿರಿ. ಲೆಕ್ಕ ನೋಡಿ: ಕೂಲಿ ವರ್ಷಕ್ಕೆ ಶೇ 8ರಂತೆ ಏರಿ, ದರ ಮೂರು ವರ್ಷ ಅಲ್ಲೇ ನಿಂತರೆ ಕೂಲಿ ಶೇ 26 ಮೇಲೆ ಹೋಗಿರುತ್ತದೆ. ಒಟ್ಟು ಖರ್ಚಿನಲ್ಲಿ ಸಂಬಳ ಶೇ 65 ಆಗಿದ್ದರೆ ಸಂಸ್ಥೆಗೆ ಸುಮಾರು ಶೇ 17ರ ಕೊರತೆ. ಆ ಕೊರತೆ ನಿವಾಸಿಯ ಬಿಲ್ಲಿಗೆ ಹೋಗುತ್ತದೆ, ಇಲ್ಲವೇ ಒಬ್ಬ ಆರೈಕೆದಾರರ ಕೆಲಸ ಹೋಗುತ್ತದೆ. ಅರ್ಹತೆಯ ಮಿತಿಗೂ ಇದೇ ಗತಿ. ಇಂಗ್ಲೆಂಡಿನಲ್ಲಿ ಆಸ್ತಿ 23,250 ಪೌಂಡ್ ಮೀರಿದವರಿಗೆ ನೆರವಿಲ್ಲ, 14,250ಕ್ಕಿಂತ ಕಡಿಮೆಯಿದ್ದರೆ ಆ ಆಸ್ತಿಯನ್ನು ಎಣಿಸುವುದಿಲ್ಲ. ಈ ಎರಡು ಅಂಕಿಗಳು 2010ರಿಂದ ಕದಲದೆ ವರ್ಷಗಟ್ಟಲೆ ನಿಂತವು. ಹೊಸ ಕಾನೂನಿಲ್ಲದೆ, ಘೋಷಣೆಯಿಲ್ಲದೆ, ಸುಮ್ಮನಿದ್ದೇ ನೆರವನ್ನು ಕಡಿತ ಮಾಡುವ ವಿಧಾನ ಇದು.

ಹಣ ಹಾಸಿಗೆಗಲ್ಲ, ವ್ಯಕ್ತಿಗೆ ಅಂಟಿರಬೇಕು ಎಂಬುದೂ ಸೇರಲಿ. ವಸತಿ ಬದಲಿಸಿದರೆ ಹಣವೂ ಜೊತೆಗೆ ಹೋಗಬೇಕು. ನಿವಾಸಿಯ ಸ್ವಂತ ಪಾಲಿಗೆ ಮೇಲ್ಮಿತಿ ಕೇಳಿ. ಜರ್ಮನಿಯಲ್ಲಿ ಕಡ್ಡಾಯ ಆರೈಕೆ ವಿಮೆ ಕೊಡುವುದು ನಿಗದಿತ ಮೊತ್ತ, ಏರಿದ ಖರ್ಚೆಲ್ಲ ನಿವಾಸಿಯ ತಲೆಗೆ ಬರುತ್ತಿತ್ತು. 2022ರಿಂದ ಕೇರ್ ಹೋಮ್ ನಿವಾಸಿಯ ಆರೈಕೆ ಪಾಲಿನಲ್ಲಿ ವಾಸದ ಅವಧಿಗೆ ತಕ್ಕ ರಿಯಾಯಿತಿ ತಂದರು. 2024ರಿಂದ ಅದು ಮೊದಲ ವರ್ಷ ಶೇ 15, ಎರಡನೇ ವರ್ಷ 30, ಮೂರನೇ ವರ್ಷ 50, ನಂತರ 75. ಕೋಣೆ-ಊಟದ ಪಾಲಿಗೆ ಅದು ತಾಗುವುದಿಲ್ಲ. ಬಿಲ್ಲು ಸಲ್ಲಿಸಿದ ಎಷ್ಟು ದಿನದಲ್ಲಿ ಪಾವತಿ ಎಂಬ ಸಾಲನ್ನು ಮರೆಯಬೇಡಿ. ನಾಲ್ಕು ತಿಂಗಳು ತಡವಾಗಿ ಬರುವ ಒಳ್ಳೆಯ ದರಕ್ಕಿಂತ ತಿಂಗಳಿಗೆ ಸರಿಯಾಗಿ ಬರುವ ಸಾಧಾರಣ ದರವನ್ನೇ ಸಣ್ಣ ಸಂಸ್ಥೆಗಳು ಇಷ್ಟಪಡುತ್ತವೆ.

ಪ್ರಶ್ನೆ: ಹಣ ತರುವುದೆಲ್ಲಿಂದ? ಬೇಕಾದವರು ಮಾತ್ರ ವಿಮೆ ಕಟ್ಟಿಕೊಳ್ಳಲಿ ಎಂದರೆ ಆಗದೇ?

ಉತ್ತರ: ಅಮೆರಿಕ ಅದಕ್ಕೆ 2010ರಲ್ಲಿ ಕಾನೂನೇ ಮಾಡಿತ್ತು, ‘ಕ್ಲಾಸ್’ ಎಂಬ ಸ್ವಯಂಪ್ರೇರಿತ ವಿಮೆ. ಆರೈಕೆ ಬೇಕಾಗುವ ಸಾಧ್ಯತೆ ಹೆಚ್ಚಿದ್ದವರೇ ಸೇರುತ್ತಾರೆ, ವಂತಿಗೆ ಏರುತ್ತದೆ, ಆರೋಗ್ಯವಂತರು ದೂರ ಉಳಿಯುತ್ತಾರೆ, ವಂತಿಗೆ ಮತ್ತೂ ಏರುತ್ತದೆ. ಈ ಲೆಕ್ಕ ಬಗೆಹರಿಯದೆ ಯೋಜನೆ ಆರಂಭವಾಗಲೇ ಇಲ್ಲ; 2013ರ ಜನವರಿಯಲ್ಲಿ ಕಾನೂನು ರದ್ದಾಯಿತು. ನಿಂತ ಯೋಜನೆಗಳೆಲ್ಲ ಕಡ್ಡಾಯ ವಂತಿಗೆಯವು ಅಥವಾ ತೆರಿಗೆಯವು: ಜರ್ಮನಿ 1995, ಜಪಾನ್ 2000, ದಕ್ಷಿಣ ಕೊರಿಯ 2008. ಜಪಾನಿನಲ್ಲಿ 40 ತುಂಬಿದವರೆಲ್ಲ ವಂತಿಗೆ ಕಟ್ಟುತ್ತಾರೆ. ಬಳಕೆದಾರರ ಪಾಲು ತೆಗೆದು ಉಳಿದದ್ದರಲ್ಲಿ ಅರ್ಧ ವಂತಿಗೆ, ಅರ್ಧ ತೆರಿಗೆ. ಬಳಕೆದಾರರು ವರಮಾನದ ಮೇಲೆ ಶೇ 10, 20 ಅಥವಾ 30 ಕೊಡುತ್ತಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯ ಇಂಥ ಆರೈಕೆಯ ನಿಧಿಗಾಗಿ 2023ರ ಜುಲೈನಿಂದ ಸಂಬಳದಲ್ಲಿ ಶೇ 0.58 ಕಡಿತ ಆರಂಭಿಸಿತು. ಅಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸಿಗುವ ನೆರವಿನ ಆರಂಭದ ಮಿತಿ 36,500 ಡಾಲರ್. ದೀರ್ಘಕಾಲ ಅಸಿಸ್ಟೆಡ್ ಲಿವಿಂಗ್‌ನಲ್ಲಿ ಇರಬೇಕಾದವರಿಗೆ ಅದು ಸಾಕಾಗದು, ಆದರೆ ಮೊದಲ ಆಘಾತ ತಡೆಯಲು ಉಪಯೋಗ.

ಪ್ರಶ್ನೆ: ವಸತಿಗಳಿಗೆ ಕೊಡುವ ಬದಲು ಮನೆಯಲ್ಲಿ ನೋಡಿಕೊಳ್ಳುವ ಸೊಸೆಗೋ ಮಗಳಿಗೋ ಅದೇ ಹಣ ಕೊಡಬಾರದೇ?

ಉತ್ತರ: ಕೊಡುವ ದೇಶಗಳಿವೆ. ಆದರೆ ‘ಅದೇ ಹಣ’ ಅಲ್ಲ. ಜರ್ಮನಿಯಲ್ಲಿ 2025ರಲ್ಲಿ ಎರಡನೇ ದರ್ಜೆಯವರು ಮನೆಗೆ ವೃತ್ತಿಪರರನ್ನು ಕರೆಸಿದರೆ ತಿಂಗಳಿಗೆ 796 ಯೂರೊವರೆಗೆ, ಮನೆಯವರೇ ನೋಡಿಕೊಂಡರೆ 347 ಯೂರೊ ನಗದು. ಸೊಸೆಯ ಕೈಕೆಲಸಕ್ಕೆ ಅರ್ಧ ಬೆಲೆಯೂ ಇಲ್ಲವೆಂದು ಸಿಟ್ಟು ಬರುವುದು ಸಹಜ. ಜಪಾನ್ ನಗದನ್ನು ಬೇಡವೆಂದೇ ಸೇವೆಯನ್ನು ಆಯ್ದುಕೊಂಡಿತು; ನಗದು ಕೊಟ್ಟರೆ ಹೆಣ್ಣುಮಕ್ಕಳು ಮನೆಯಲ್ಲೇ ಕಟ್ಟಿಬೀಳುತ್ತಾರೆ ಎಂಬ ವಾದ ಅಲ್ಲಿನ ಮಹಿಳಾ ಸಂಘಟನೆಗಳದ್ದೂ ಆಗಿತ್ತು. ನಮಗೂ ಆ ವಾದವೇ ಸರಿ ಎನಿಸುತ್ತದೆ, ಕನಿಷ್ಠ ಹತ್ತಿರದಲ್ಲಿ ಸೇವೆ ಸಿಗುವ ಕಡೆ.

ಪ್ರಶ್ನೆ: ಸರ್ಕಾರ ಕೊಡುತ್ತದೆಂದು ಗೊತ್ತಾದರೆ ಎಲ್ಲರೂ ಅಪ್ಪ-ಅಮ್ಮನನ್ನು ತಂದು ಬಿಡುವುದಿಲ್ಲವೇ?

ಉತ್ತರ: ಆರಂಭದಲ್ಲಿ ಅರ್ಜಿಗಳು ಏರುವುದು ನಿಜ, ಅದುವರೆಗೆ ಮುಚ್ಚಿಕೊಂಡಿದ್ದ ಕಷ್ಟ ಹೊರಗೆ ಬರುತ್ತದೆ. ಬಜೆಟ್ ಮಾಡುವವರು ಅದನ್ನು ಮೊದಲೇ ಸೇರಿಸಿಕೊಳ್ಳಬೇಕು. ಆದರೆ ಅಳತೆಯ ಮೆಟ್ಟಿಲು ದಾಟದವರಿಗೆ ಹಣ ಇಲ್ಲ, ಕೋಣೆಯ ಖರ್ಚು ಹೇಗೂ ಕುಟುಂಬದ್ದೇ.

ಪ್ರಶ್ನೆ: ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಏನು ನೋಡಬೇಕು? ಕೈಲಿದ್ದ ಹಣ ಮುಗಿದ ಮೇಲೆ ಹೊರಗೆ ಹಾಕುತ್ತಾರಂತೆ.

ಉತ್ತರ: ಹಾಕುವುದುಂಟು. ಸ್ವಂತ ಹಣದಲ್ಲಿ ಎರಡು ವರ್ಷ ಇದ್ದು, ಅದು ಕರಗಿ, ಸರ್ಕಾರದ ದರಕ್ಕೆ ಅರ್ಹರಾದ ದಿನ ‘ನಾವು ಆ ಯೋಜನೆಯ ನಿವಾಸಿಗಳನ್ನು ಇಟ್ಟುಕೊಳ್ಳುವುದಿಲ್ಲ’ ಎಂಬ ನೋಟಿಸ್ ಬರಬಹುದು. ಯೋಜನೆಗೆ ನೋಂದಾಯಿಸಿದ್ದಾರೆಯೇ ಎಂದಷ್ಟೇ ಕೇಳಬೇಡಿ, ಸ್ವಂತ ಹಣ ಮುಗಿದವರನ್ನು ಅದೇ ಕೋಣೆಯಲ್ಲಿ ಉಳಿಸಿಕೊಳ್ಳುವುದಾಗಿ ಬರಹದಲ್ಲಿ ಕೇಳಿ. ಬಾಯಿಮಾತಿನ ಭರವಸೆ ಮ್ಯಾನೇಜರ್ ಬದಲಾದೊಡನೆ ಹೋಗುತ್ತದೆ. ಆರೈಕೆ ಹೆಚ್ಚಾದರೆ ದರ ಹೇಗೆ ಏರುತ್ತದೆ, ಯಾವ ಹಂತದಲ್ಲಿ ‘ನಮ್ಮಿಂದಾಗದು’ ಎನ್ನುತ್ತಾರೆ, ನೋಟಿಸ್ ಎಷ್ಟು ದಿನದ್ದು, ಠೇವಣಿ ಯಾವಾಗ ವಾಪಸ್ಸು ಎಂಬುದೂ ಕಾಗದದಲ್ಲಿರಲಿ. ಇನ್ನೊಂದು ಎಚ್ಚರ: ಅರ್ಹತೆಗಾಗಿ ಆಸ್ತಿಯನ್ನು ಮಕ್ಕಳ ಹೆಸರಿಗೆ ಬರೆದುಕೊಡುವ ಸಲಹೆ ಕೊಡುವವರಿದ್ದಾರೆ. ಮೆಡಿಕೇಡ್‌ನಲ್ಲಿ ದೀರ್ಘಾವಧಿ ಆರೈಕೆಯ ಅರ್ಜಿಗೆ ಹಿಂದಿನ ಐದು ವರ್ಷದ ವರ್ಗಾವಣೆಗಳನ್ನು ಜಾಲಾಡುತ್ತಾರೆ. ಸಿಕ್ಕಿಬಿದ್ದರೆ ನೆರವು ತಿಂಗಳುಗಟ್ಟಲೆ ತಡೆಯಾಗುತ್ತದೆ.

ಪ್ರಶ್ನೆ: ನಿವಾಸಿ ಆಸ್ಪತ್ರೆ ಸೇರಿದಾಗ ಹಣ ಏನಾಗುತ್ತದೆ?

ಉತ್ತರ: ಆರೈಕೆಯ ಪಾವತಿ ಸಾಮಾನ್ಯವಾಗಿ ನಿಲ್ಲುತ್ತದೆ, ಕೋಣೆಯ ಬಾಡಿಗೆ ಓಡುತ್ತಲೇ ಇರುತ್ತದೆ. ಕೋಣೆಯನ್ನು ಎಷ್ಟು ದಿನ ಕಾಯ್ದಿರಿಸುತ್ತಾರೆಂದು ದಾಖಲಾದ ಮೊದಲ ದಿನವೇ ವಸತಿಗೆ ಬರೆದು ಕೇಳಿ. ಮೂಳೆ ಮುರಿದೋ ಪಾರ್ಶ್ವವಾಯು ಹೊಡೆದೋ ಹೋದವರು ಹಳೆಯ ದರ್ಜೆಯಲ್ಲೇ ಮರಳಿದರೆ ಹೆಚ್ಚಿನ ಆರೈಕೆಗೆ ಹಣ ಬಂದಿರುವುದಿಲ್ಲ. ಹಾಗಾಗಿ ಡಿಸ್ಚಾರ್ಜ್‌ಗೆ ಕಾಯದೆ, ಆಸ್ಪತ್ರೆಯಲ್ಲಿರುವಾಗಲೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ, ಸ್ವೀಕೃತಿಯ ದಿನಾಂಕ ಇಟ್ಟುಕೊಳ್ಳಿ.